ಡಬ್ಬಿಯ ಅನ್ನ ಆರುವಷ್ಟು ಹೊತ್ತು

ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗೆ ಹೇಳುವವರು ಕೇಳುವವರು ಇರುವುದಿಲ್ಲ ಎನ್ನುತ್ತಾರೆ. ಹಾಗಾದರೆ ನೆಲಮಂಗಲದ ನಮ್ಮ ಗೋದಾಮಿನಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವ ಲತಕ್ಕ ಊಟದ ಡಬ್ಬಿ ತೆರೆದಿಟ್ಟು ಓದುತ್ತಿದ್ದುದು ಯಾರ ಕೋಡ್?

ನಾವು ಬಳಸುವ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಮುಕ್ತ ಡೇಟಾಬೇಸ್ ಕೆಲವೊಮ್ಮೆ ಒಂದೇ ಲಾರಿಯ ಸರಕನ್ನು ಎರಡು ಸಲ ತೋರಿಸುತ್ತಿತ್ತು. ಅದಕ್ಕೆ ಅಕ್ಕ ತಿದ್ದುಪಡಿ ಕಳಿಸಿ, ಒಪ್ಪಿಗೆಗೆ ಕಾಯುತ್ತಿದ್ದರು. ಕಳಿಸಿದವರು ಇನ್ನೊಬ್ಬರ ತಿದ್ದುಪಡಿಯನ್ನೂ ಪರೀಕ್ಷಿಸಿಕೊಡುವುದು ಅಲ್ಲಿನ ರೂಢಿ; ಅಕ್ಕ ಓದುತ್ತಿದ್ದುದು ಹಾಗೆ ಬಂದ ಯಾರೋ ಅಪರಿಚಿತರ ಕೋಡ್.

“ಸಂಬಳ ಇಲ್ಲ, ಗುರುತಿಲ್ಲ. ಚೆನ್ನಾಗಿದೆ ಅಂತ ಬರೆದು ಊಟ ಮಾಡಿ ಅಕ್ಕಾ” ಎಂದು, ಲೋಡ್ ತರಲು ಓಡಾಡುವ ನಾನು ವಾದಕ್ಕಿಳಿದೆ.

“ನಂದನ್ನೂ ಯಾರೋ ಹಂಗೇ ಅಂದ್ಬಿಟ್ರೆ? ಇಲ್ಲದಿರೋ ಲೋಡ್ ಹುಡುಕ್ಕೊಂಡು ತುಮಕೂರ್ ರೋಡಲ್ಲಿ ನೀನೇ ಓಡ್ತೀಯಾ, ಗುರು?”

ಅಕ್ಕನ ಆರಿದ ಡಬ್ಬಿಗೆ ಮುಚ್ಚಳ ಹಾಕಿದೆ. ಮೊನ್ನೆ ಅಕ್ಕನ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು, ಯಾರೋ ಅದರಲ್ಲೊಂದು ತಪ್ಪು ಹಿಡಿದು ಸರಿಮಾಡಿಸಿದ ಮೇಲೆ. ವಾದ ಸೋತು ಇಷ್ಟು ಹಿತವಾಗಿದ್ದು ಇದೇ ಮೊದಲು. ಆ ಕಾಣದ ಪರೀಕ್ಷಕರನ್ನೇ ಕೇಳುತ್ತೇನೆ: ಆವತ್ತು ನಿಮ್ಮ ಊಟವೂ ಆರಿಹೋಯಿತೇ?