ದೇಶನೂರಿಗೆ ಬಂದ ಕಾಗದ

ಹೋದ ಡಿಸೆಂಬರಿನಲ್ಲಿ ಸಿರುಗುಪ್ಪ ದಾಟುವಾಗ ಬಸ್ಸಿನ ಕಿಟಕಿಯಿಂದ ಬೇಯುವ ಭತ್ತದ ವಾಸನೆ ಒಳಗೆ ನುಗ್ಗಿತು. ರೈಸ್ ಮಿಲ್ಲುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಹೊಟ್ಟಿನ ಬೂದಿ ಗಾಳಿಯಲ್ಲಿ ತೇಲಿ ಬಂದು ತೋಳಿನ ಮೇಲೆ ಕೂರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಲು ಹೇಳಿದಳು. ನನಗೆ ಮುಚ್ಚುವ ಮನಸ್ಸಾಗಲಿಲ್ಲ. ಬಿಸಿ ಹಬೆ, ಹಸಿ ಹುಲ್ಲು, ಅದರೊಳಗೊಂದು ತೆಳು ಕಮಟು ಸೇರಿದ ಆ ವಾಸನೆಯಲ್ಲಿ ನನಗೆ ಮತ್ತೆ ಒಂಬತ್ತು ವರ್ಷವಾಗುತ್ತದೆ. ಎರಡು ಜಡೆ ಹಾಕಿಕೊಂಡು ದೊಡ್ಡಪ್ಪನ ಬೆರಳು ಹಿಡಿದು ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಇಳಿಯುತ್ತೇನೆ. ಎದುರಿಗೆ ದೇಶನೂರಿಗೆ ಹೋಗುವ ಜಟಕಾ ನಿಂತಿರುತ್ತದೆ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ ಶರಣಪ್ಪ. ನಮ್ಮ ಹಿರಿಯರು ಮೋಕ ಎಂಬ ಊರಿನವರು. ನಾನು ಹುಟ್ಟುವ ಹೊತ್ತಿಗೆ ಎಲ್ಲರೂ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಬಂದಾಗಿತ್ತು. ಕಡಪಾ ಕಲ್ಲು ಹಾಸಿದ ಉದ್ದನೆಯ ಪಡಸಾಲೆ, ಹಿಂದೆ ಬೇವಿನ ಮರ, ಮರದ ಕೆಳಗೆ ನೀರಿನ ತೊಟ್ಟಿ. ಪಡಸಾಲೆಯ ಒಂದು ಮೂಲೆ ಮಾತ್ರ ಆ ಮನೆಗೆ ಸೇರಿದ್ದಲ್ಲ ಎನ್ನುವಷ್ಟು ಅಚ್ಚುಕಟ್ಟಾಗಿರುತ್ತಿತ್ತು. ಅಲ್ಲಿ ಅಂಚು ಅಳೆದಂತೆ ಮಡಚಿದ ಹೊದಿಕೆ, ಗೂಟಕ್ಕೆ ತೂಗುಹಾಕಿದ ಒಂದು ಅಂಗಿ, ಒಂದು ಸ್ಟೀಲ್ ಲೋಟ. ಅದು ದೊಡ್ಡಪ್ಪನ ಜಾಗ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು ಊರಿಗೆ ಮರಳಿದ ಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ಹತ್ತಿ ಮಿಲ್ಲೊಂದರ ಗೇಟಿನಲ್ಲಿ ಕಾವಲಿಗೆ ನಿಂತ. ಮದುವೆಯಾಗಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ತಟ್ಟೆಗೂ ಒಂದು ಚೂರು ಬೆಲ್ಲ ಹಾಕಿ, “ಊಟದಾಗ ಬೆಲ್ಲ ಇರಲಿ, ಎದಿಗೆ ಒಳ್ಳೇದು” ಎನ್ನುತ್ತಿದ್ದ. ಅವ್ವ ನಗುತ್ತಿದ್ದಳು. ಆ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳಿಸುತ್ತಿತ್ತು.

ಎಪ್ಪತ್ತೊಂದರ ಯುದ್ಧದಲ್ಲಿ ಅವನ ಜೊತೆ ಈ ಸೀಮೆಯವರೇ ಇಬ್ಬರಿದ್ದರು. ಕುರುಗೋಡಿನ ಬಸವರಾಜನೂ ಡ್ರೈವರು. ದೇಶನೂರಿನ ಮಾಬುಸಾಬ ಲಾರಿಗೆ ಸಾಮಾನು ಹೇರುವ, ಇಳಿಸುವ ಕೆಲಸದವನು. ದೊಡ್ಡಪ್ಪನ ಬಾಯಲ್ಲಿ ಅವರು ಬಸ್ಯಾ ಮತ್ತು ಮಾಬು. ಮೂವರೂ ಒಂದೇ ದಿನ ಬಳ್ಳಾರಿಯಲ್ಲಿ ಭರ್ತಿಯಾದವರು. ಪೂರ್ವದ ಗಡಿಯಲ್ಲಿ ಒಂದು ಬೆಳಿಗ್ಗೆ ರೇಷನ್ ತುಂಬಿದ ಲಾರಿ ನೆಲಬಾಂಬಿನ ಮೇಲೆ ಹರಿದು ಬಸ್ಯಾ, ಮಾಬು ಇಬ್ಬರೂ ಹೋದರು. ನಮಗೆ ಗೊತ್ತಿದ್ದದ್ದು ಇಷ್ಟೇ. ಪ್ರತಿ ಡಿಸೆಂಬರಿನಲ್ಲಿ ದೊಡ್ಡಪ್ಪ ಒಂದು ಭಾನುವಾರ ಕುರುಗೋಡಿಗೆ, ಮರು ಭಾನುವಾರ ದೇಶನೂರಿಗೆ ಹೋಗುತ್ತಿದ್ದ. ನನಗೆ ಒಂಬತ್ತಾದ ವರ್ಷ, “ಈ ಹುಡುಗಿನ್ನ ಕರಕೊಂಡು ಹೋಗು, ನಿನಗೂ ಮಾತಾಡಾಕ ಒಬ್ರು ಆಕ್ಕಾರ” ಎಂದು ಅವ್ವ ನನ್ನನ್ನು ಜೊತೆಗೆ ಕಳಿಸಿದಳು.

ಕುರುಗೋಡಿನಲ್ಲಿ ಬಸ್ಯಾನ ಹೆಂಡತಿ ನೀಲಮ್ಮ ಇದ್ದಳು. ಮದುವೆಯಾಗಿ ಎಂಟೇ ತಿಂಗಳಿಗೆ ಗಂಡನನ್ನು ಕಳೆದುಕೊಂಡವಳು, ಅದರಲ್ಲೂ ಅವನ ಜೊತೆ ಇದ್ದದ್ದು ಒಂದು ರಜೆಯಷ್ಟು ದಿನ. ಆಮೇಲೆ ಹಿರಿಯರು ಮತ್ತೊಂದು ಮದುವೆ ಮಾಡಿದ್ದರು. ನಾವು ಹೋದಾಗ ಅವಳ ಈಗಿನ ಗಂಡ ತಾನೇ ಕುರ್ಚಿ ತಂದಿಟ್ಟು, ನೀರು ಕೊಟ್ಟು ಹಿತ್ತಲಿಗೆ ಹೋದ. ನೀಲಮ್ಮನ ಸೊಂಟದಲ್ಲಿ ಒಂದು ಕೂಸು, ಸೀರೆ ಹಿಡಿದು ಇನ್ನೊಂದು. ದೊಡ್ಡಪ್ಪ ಎಂದಿನಂತೆ ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತ. ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಅವಳೇ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗಿನ್ನೂ ನೆನಪಿದೆ.

“ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನ ಮ್ಯಾಲ ಬರಬ್ಯಾಡ್ರಿ. ನೀವು ಬಂದು ಹೋದ ಮ್ಯಾಲ ಎಂಟು ದಿನ ನನಗ ಈ ಮನಿ ನಂದು ಅನಸಂಗಿಲ್ಲ. ಈ ಹುಡುಗರೂ ನನ್ನವು ಅನಸಂಗಿಲ್ಲ.”

“ಆತು ತಾಯಿ” ಎಂದ ದೊಡ್ಡಪ್ಪ. ಎದ್ದು ನಿಂತು ಕೈಮುಗಿದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಗುಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತೆವು. ನನಗೆ ಅವಳ ಮೇಲೆ ಕೋಪ ಬಂದಿತ್ತು. ಅಷ್ಟು ದೂರದಿಂದ ಬಂದವರಿಗೆ ಹೀಗೆ ಹೇಳಬಹುದೇ ಎಂದು ಗೊಣಗಿದೆ. ದೊಡ್ಡಪ್ಪ, “ಆಕಿ ಹೇಳಿದ್ದು ಬರೋಬ್ಬರಿ ಐತಿ, ಗಿರಿಜಿ” ಎಂದ. ಮಿರ್ಚಿ ಮಂಡಾಳ ಕೊಡಿಸಿದ. ತಾನು ತಿನ್ನಲಿಲ್ಲ. ಅಲ್ಲಿಂದ ಮುಂದೆ ಅವನು ಕುರುಗೋಡಿಗೆ ಹೋಗಲಿಲ್ಲ.

ಮರು ಭಾನುವಾರ ದೇಶನೂರು. ಮಾಬುವಿನ ತಾಯಿ ಹುಸೇನಮ್ಮ ಅಂಗಳದಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಹಳೆ ಸೀರೆ, ಹಳೆ ಲುಂಗಿ, ಯಾರದೋ ಕೂಸಿನ ಅಂಗಿ ಎಲ್ಲ ಚೌಕ ಚೌಕವಾಗಿ ಅವಳ ತೊಡೆಯ ಮೇಲೆ ಹರಡಿದ್ದವು. ಮನೆಯ ಹಿಂದೆಯೇ ಕಾಲುವೆ, ಅದರಾಚೆ ಕೊಯ್ಲಾದ ಗದ್ದೆ. ಕೂಳೆಯ ನಡುವೆ ಬೆಳ್ಳಕ್ಕಿಗಳು. “ಶರಣಾ, ಬಂದ್ಯಾ? ತಡಾ ಆತಲ್ಲೋ” ಎಂದು ಅವಳು ಕೂತಲ್ಲಿಂದಲೇ ಕೈ ಚಾಚಿದಳು. ದೊಡ್ಡಪ್ಪ ಹೋಗಿ ಆ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ. ನಮ್ಮ ಮನೆಯಲ್ಲಿ ಅವನು ಯಾರ ಮುಂದೆಯೂ ಹಾಗೆ ತಲೆ ಬಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ಹೊಸ ಅಕ್ಕಿಯ ಅನ್ನ, ಪುಂಡಿಪಲ್ಯ, ಮೇಲೆ ಹಸಿ ಎಣ್ಣೆ. ಉಂಡಾದ ಮೇಲೆ ಅವಳು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದು, ಅದರೊಳಗಿನ ಮಡಚಿದ ಹಾಳೆಯನ್ನು ಹೊರಗೆ ತೆಗೆದಳು. ಮಾಬು ಬರೆಸಿದ ಕೊನೆಯ ಕಾಗದ. ಅದು ದೇಶನೂರು ಮುಟ್ಟಿದ್ದು ಸಾವಿನ ತಂತಿ ಬಂದು ಹತ್ತು ದಿನಕ್ಕೆ. ಮಾಬುವಿಗೆ ಓದುಬರಹ ಬಾರದು. ಸೈನ್ಯದಲ್ಲಿ ತಮ್ಮ ತುಕಡಿಯ ಎಲ್ಲ ಕನ್ನಡಿಗರ ಕಾಗದಗಳನ್ನೂ ದೊಡ್ಡಪ್ಪನೇ ಬರೆದುಕೊಡುತ್ತಿದ್ದ. ಪ್ರತಿ ವರ್ಷ ಅವಳಿಗೆ ಓದಿ ಹೇಳುವವನೂ ಅವನೇ.

ಆ ವರ್ಷ ಬಸ್ಸಿನ ನೂಕುನುಗ್ಗಲಿನಲ್ಲಿ ಅವನ ಕನ್ನಡಕ ಬಿದ್ದು ಒಡೆದಿತ್ತು. “ಈ ಹುಡುಗಿ ಸಾಲಿಗೆ ಹೋಗ್ತಾಳಲ್ಲ, ಆಕಿನ ಓದಲಿ” ಎಂದಳು ಹುಸೇನಮ್ಮ. ದೊಡ್ಡಪ್ಪ ಬೇಡವೆನ್ನಲು ಹೋದ. ಅಷ್ಟರಲ್ಲಿ ಹಾಳೆ ನನ್ನ ಕೈಯಲ್ಲಿತ್ತು.

“ಅವ್ವಾ, ನಾ ಆರಾಮದೀನಿ. ಇಲ್ಲಿ ಎಲ್ಲಿ ನೋಡಿದ್ರೂ ನೀರು, ಭತ್ತದ ಗದ್ದಿ. ನಮ್ಮೂರಾಗ ಅದೀನೇನೋ ಅನಸ್ತೈತಿ. ಕರಿ ಮೇಕಿ ಈಯ್ತೇನು? ನನ್ನ ಕೌದಿ ಯಾರಿಗಾರ ಕೊಟ್ಟೀ ಮತ್ತ, ಬಂದು ಜಗಳಾಡ್ತೀನಿ.” ಹೀಗೆ ಅರ್ಧ ಹಾಳೆ. ಓದುತ್ತ ನನಗೇ ನಗು ಬಂತು. ಅಲ್ಲಿಂದ ಮುಂದೆ ಮಾತು ಬದಲಾಯಿತು. “ತಾವು ನನ್ನ ಬಗ್ಗೆ ಚಿಂತಿಸಬಾರದು. ತಮ್ಮ ಆರೋಗ್ಯದ ಕಡೆ ಲಕ್ಷ್ಯ ಕೊಡಬೇಕು. ಊಟದಾಗ ಬೆಲ್ಲ ಇರಲಿ, ಎದಿಗೆ ಒಳ್ಳೇದು.”

ನಾನು ನಿಲ್ಲಿಸಿದೆ. ತಲೆಯೆತ್ತಿ ದೊಡ್ಡಪ್ಪನನ್ನು ನೋಡಿದೆ. ಅವನು ಕಾಲುವೆಯ ಕಡೆ ಮುಖ ಮಾಡಿ ಕೂತಿದ್ದ. ಕಿವಿಯ ತುದಿ ಕೆಂಪಾಗಿತ್ತು. ಹುಸೇನಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, “ಓದವ್ವಾ, ಯಾಕ ನಿಂತಿ?” ಎಂದಳು. ಕೊನೆಯವರೆಗೂ ಓದಿದೆ.

ಆಮೇಲೆ ಮಜ್ಜಿಗೆ ಕೊಡುವ ನೆಪದಲ್ಲಿ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಗಲ್ಲ ಹಿಡಿದು, ಮೆಲ್ಲಗೆ ಹೇಳಿದಳು: “ನಿನಗ ತಿಳೀತು ಅಲ್ಲೇನು? ನನಗ ಮೊದಲನೇ ದಿನಾನ ತಿಳದೈತಿ. ಮಾಬು ಹುಟ್ಟಿದಾಗಿಂದ ನನಗ ‘ನೀ’ ಅಂದಾವ. ‘ತಾವು’ ಅಂತ ಯಾವ ಮಗ ಬರಸ್ತಾನ? ಬೆಲ್ಲ ಕಂಡ್ರ ಮಾರಿ ಕಿವುಚಾವ ನನ್ನ ಮಗ. ಆ ಅರ್ಧ ಕಾಗದ ನಿಮ್ಮ ದೊಡ್ಡಪ್ಪಂದು.” ಮಜ್ಜಿಗೆಯ ಚೆಂಬು ನನ್ನ ಕೈಗಿಟ್ಟಳು. “ಅವಗ ಹೇಳಬ್ಯಾಡ. ಗೊತ್ತಾತಂದ್ರ ನಾಚಿಕೊಂಡು ಬರೋದು ಬಿಡ್ತಾನ. ಒಬ್ಬಾವ ಹ್ವಾದ. ಇವನೂ ಬರಲಿಲ್ಲಂದ್ರ ನನ್ನ ಮಗನ ಮಾತು ಯಾರ ಕೂಡ ಆಡ್ಲಿ?”

ನಾನು ಹೇಳಲಿಲ್ಲ. ಮದುವೆಯಾಗುವವರೆಗೆ ವರ್ಷ ವರ್ಷವೂ ಅವನ ಜೊತೆ ಹೋದೆ, ಆ ಅಂಗಳದಲ್ಲಿ ಕೂತು ಆ ಕಾಗದ ಕೇಳಿದೆ. ಹೊಸ ಕನ್ನಡಕ ಹಾಕಿಕೊಂಡು ದೊಡ್ಡಪ್ಪ ಓದುತ್ತಿದ್ದ. ಮೊದಲರ್ಧ ಸಲೀಸಾಗಿ, ಉಳಿದರ್ಧ ಅವಸರದಿಂದ. ಅವಳು ಎರಡನ್ನೂ ಒಂದೇ ಥರ, ಸೂಜಿ ನಿಲ್ಲಿಸಿ ಕೇಳುತ್ತಿದ್ದಳು. ಹುಸೇನಮ್ಮ ಬಹಳ ವರ್ಷ ಬದುಕಿದಳು. ಅವಳು ತೀರಿಕೊಂಡ ಸುದ್ದಿ ಬಂದಾಗ ದೊಡ್ಡಪ್ಪನಿಗೂ ಅರವತ್ತು ದಾಟಿತ್ತು. ಮಣ್ಣಿಗೆ ಹೋಗಿ, ಹೆಗಲು ಕೊಟ್ಟು ಬಂದ. ಅವಳ ತಮ್ಮನ ಮಕ್ಕಳು ತಗಡಿನ ಡಬ್ಬಿಯನ್ನು ಅವನಿಗೇ ಕೊಟ್ಟು ಕಳಿಸಿದ್ದರು.

ಅದಾದ ಕೆಲವು ದಿನಕ್ಕೆ ನಾನು ಬಳ್ಳಾರಿಗೆ ಹೋದಾಗ, ಬೇವಿನ ಮರದ ಕೆಳಗೆ ಕೂತು, ಯಾವುದೋ ಹಳೆಯ ಕಾಯಿಲೆಯ ಬಗ್ಗೆ ಹೇಳುವವನಂತೆ ಅವನು ಎಲ್ಲವನ್ನೂ ಹೇಳಿದ. “ಆ ದಿನ ಗಾಡಿ ನಂದು, ಗಿರಿಜಿ. ಪಾಳಿ ನಂದು. ಮಾಬು ಅವ್ವಗ ಕಾಗದ ಬರಸ್ತಿದ್ದ, ಅಷ್ಟರಾಗ ಲಾರಿ ಬಿಡಾಕ ಹೇಳಿದ್ರು. ಬಸ್ಯಾ ಬಂದು ಚಾವಿ ಕಸಗೊಂಡ. ‘ನಿನ್ನ ಅಕ್ಷರ ಚಂದ ಅದಾವ, ನನ್ನ ಹೆಂಡತಿಗೂ ಒಂದು ಕಾಗದ ಬರೀಲೇ, ಗಾಡಿ ನಾ ಒಯ್ತೀನಿ’ ಅಂದ. ಏನು ಬರೀಲಿ ಅಂದೆ. ‘ನೀ ಹಾಳಿ ತಯಾರ ಇಡು, ಬಂದು ಹೇಳ್ತೀನಿ’ ಅಂದ. ಮಾಬುನೂ ಎದ್ದ. ‘ಉಳಿದದ್ದು ಬಂದ ಮ್ಯಾಲ’ ಅಂದ.” ಕಾಲಬಳಿ ಬಿದ್ದಿದ್ದ ಬೇವಿನ ಎಲೆಯೊಂದನ್ನು ಎತ್ತಿ ಪಕ್ಕಕ್ಕಿಟ್ಟ. “ಮಾಬುಂದು ನಾನ ಮುಗಿಸಿ ಹಾಕಿದೆ. ಬಸ್ಯಾಂದು ಬರಿಯಾಕ ಆಗಲಿಲ್ಲ. ಗಂಡ ಹೆಂಡತಿ ಮಾತು ನನಗೇನು ಗೊತ್ತು? ಕುರುಗೋಡಿಗೆ ಹೋಗ್ತಿದ್ದದ್ದು ಗಾಡಿ ನಂದಿತ್ತು ಅಂತ ಹೇಳಾಕ. ಒಂದು ವರ್ಷನೂ ಬಾಯಿ ಬರಲಿಲ್ಲ. ಆ ಮುದುಕಿಗಂತೂ ಸಾಯೋತನಕ ಮೋಸ ಮಾಡಿದೆ.”

ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಆಗ ಹೇಳಿಬಿಟ್ಟೆ. “ಆಕಿಗೆ ಗೊತ್ತಿತ್ತು, ದೊಡ್ಡಪ್ಪ. ಮೊದಲನೇ ದಿನಾನ ಗೊತ್ತಿತ್ತು.” ಅವನು ನನ್ನ ಮುಖವನ್ನೇ ನೋಡಿದ. “ಹಂಗಾರ ವರ್ಷಾ ವರ್ಷಾ ಯಾಕ ಓದಸ್ತಿದ್ಲು?” “ನೀ ಬರಲಿ ಅಂತ” ಎಂದೆ. ಅವನು ಹೆಗಲ ಮೇಲಿನ ಟವಲು ತೆಗೆದು ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಒಳಗಿನಿಂದ ಅವ್ವ ಇಣುಕಿ ನೋಡಿ ಹಿಂದಕ್ಕೆ ಸರಿದಳು.

ಮರುದಿನ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. “ಕುರುಗೋಡಿಗೆ ಬರ್ತೀಯೇನು?” ಎಂದ.

ನೀಲಮ್ಮನ ಕೂದಲು ನರೆತಿತ್ತು. ಎರಡನೆಯ ಗಂಡನೂ ತೀರಿಕೊಂಡಿದ್ದ. ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ಗುರುತು ಹಿಡಿಯಲು ಅವಳಿಗೆ ತುಸು ಹೊತ್ತು ಬೇಕಾಯಿತು. ದೊಡ್ಡಪ್ಪ ಕೂರಲಿಲ್ಲ. ಹೊಸ್ತಿಲ ಹೊರಗೆ ನಿಂತೇ, “ಬರಬ್ಯಾಡ ಅಂದಿದ್ದಿ ತಾಯಿ. ಒಂದು ಮಾತು ಹೇಳಿ ಹೋಗ್ತೀನಿ. ಆ ದಿನ ಗಾಡಿ ನಂದಿತ್ತು. ನಾ ಹೋಗಬೇಕಿತ್ತು” ಎಂದ. ಉಳಿದದ್ದನ್ನೂ ಹೇಳಿದ, ಬರೆಯದೆ ಉಳಿದ ಕಾಗದದ ವಿಷಯವನ್ನೂ.

ನೀಲಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. “ಏನು ಬರಿಯಾಕ ಹೇಳಿದ್ರು?” ಎಂದಳು ಕೊನೆಗೆ.

“ಏನೂ ಹೇಳಲಿಲ್ಲ ತಾಯಿ. ಬಂದು ಹೇಳ್ತೀನಿ ಅಂದ.”

ಅವಳು ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಚಾಪೆ ತಂದು ಹಾಸಿದಳು. “ಕುಂದರ್ರಿ ಅಣ್ಣಾ” ಎಂದಳು. ತಾನೂ ಎದುರಿಗೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಮದುಮಗಳಂತೆ ತಲೆ ತಗ್ಗಿಸಿ ಕೇಳಿದಳು: “ಅವರ ಮಾರಿ ಮರತೀನ್ರಿ. ಫೋಟೋದಾಗಿಂದು ಅವರ ಥರ ಇಲ್ಲ. ಅವರು ನಗತಿದ್ರೇನ್ರಿ? ನನ್ನ ಮುಂದ ನಾಚಿಕೊಂತಿದ್ರು. ನಗೋದು ಹೆಂಗಿತ್ತು, ಹೇಳ್ರಿ.”

ದೊಡ್ಡಪ್ಪ ಹೇಳತೊಡಗಿದ. ಬಸ್ಯಾ ನಕ್ಕರೆ ಮೊದಲು ಭುಜ ಕುಣಿಯುತ್ತಿತ್ತಂತೆ, ಸದ್ದು ಆಮೇಲೆ ಬರುತ್ತಿತ್ತಂತೆ. ಲಾರಿ ಓಡಿಸುತ್ತ ತೆಲುಗು ಸಿನಿಮಾ ಹಾಡುಗಳನ್ನು ತಪ್ಪು ತಪ್ಪಾಗಿ ಹಾಡುತ್ತಿದ್ದನಂತೆ. ಚಳಿಗೆ ಮಾಬುವಿನ ಹೊದಿಕೆಯನ್ನೂ ಎಳೆದುಕೊಂಡು ಮಲಗಿ, ಬೆಳಿಗ್ಗೆ ಅವನಿಂದ ಒದೆ ತಿನ್ನುತ್ತಿದ್ದನಂತೆ. ನಾನು ಒಮ್ಮೆಯೂ ಕೇಳಿರದ ಕಥೆಗಳು. ನೀಲಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. ಮೊಮ್ಮಕ್ಕಳು ಶಾಲೆಯಿಂದ ಬಂದು ಚೀಲ ಇಳಿಸದೆ ನಿಂತು ಕೇಳಿದರು. ನಾವು ಹೊರಟಾಗ ಅವಳು ರಸ್ತೆಯವರೆಗೆ ಬಂದು, “ಮತ್ತ ಬರ್ರಿ” ಎಂದಳು.

ಅವನಿಗೆ ಸಿಕ್ಕಿದ್ದು ಇನ್ನೆರಡೇ ಡಿಸೆಂಬರು. ಎರಡೂ ಸಲ ಕುರುಗೋಡಿಗೆ ಹೋಗಿ ಬಂದ. ಮೂರನೆಯ ವರ್ಷ ಬೇಸಿಗೆಯಲ್ಲಿ, ನಿದ್ದೆಯಲ್ಲೇ ಹೋದ. ಅವನು ಸತ್ತಾಗ ಎಲ್ಲರೂ ಶಾಂತವಾದ ಸಾವು ಎಂದರು. ನಿಜವಿರಬೇಕು. ಸತ್ಯನಾರಾಯಣಪೇಟೆಯ ಮನೆಯಿದ್ದಲ್ಲಿ ಈಗ ಬೇರೆ ಕಟ್ಟಡವಿದೆ. ದೇಶನೂರಿನ ಅಂಗಳ ಗದ್ದೆಯೊಳಗೆ ಸೇರಿಹೋಗಿದೆ. ಹೋದ ಡಿಸೆಂಬರಿನಲ್ಲಿ ಜಾಗ ಹುಡುಕಿಕೊಂಡು ಹೋದೆ. ಗದ್ದೆಯಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಬಂದು, “ಯಾರು ಬೇಕ್ರೀ?” ಎಂದು ಕೇಳಿದಳು. ಹುಸೇನಮ್ಮನ ಮನೆ ಎಂದೆ. ಅವಳಿಗೆ ತಿಳಿಯಲಿಲ್ಲ. ಮಿಲಿಟ್ರಿ ಮಾಬುವಿನ ಮನೆ ಎಂದೆ. ಅದೂ ತಿಳಿಯಲಿಲ್ಲ. “ನಿಮಗ ಏನಾಗಬೇಕ್ರೀ ಅವರು?” ಎಂದಳು. ಏನೆಂದು ಹೇಳಲಿ? “ನಮ್ಮವರು” ಎಂದೆ. ಅವಳು ತಲೆಯಾಡಿಸಿ, ಬಿಸಿಲಿದೆ ನೆರಳಿಗೆ ಬರ್ರಿ ಎಂದು ಕರೆದು, ಕುಡಿಯಲು ನೀರು ಕೊಟ್ಟಳು.