ಏಳರಿಂದ ಎಂಟು ವಿಶ್ರಾಂತಿ

ಸದಾಶಿವ ಪೇಠದ ಆ ಹಳೆಯ ವಾಡೆಯ ಕೆಳಮನೆಯಲ್ಲಿ ಅಂದು ನಾವು ಮೂವರಿದ್ದೆವು: ಜೋಕಾಲಿಯಲ್ಲಿ ಕೂತ ಮನೆ ಮಾಲೀಕರು, ಚಹಾ ಸೋಸುತ್ತಿದ್ದ ಅವರ ಹೆಂಡತಿ, ಹೊಸ ರೌಟರಿನ ಡಬ್ಬಿ ಬಿಚ್ಚುತ್ತಿದ್ದ ನಾನು. ಮಾಲೀಕರು ಹುಬ್ಬಳ್ಳಿಯವರು, ಇಲ್ಲಿ ಬಟ್ಟೆ ಅಂಗಡಿ ನಡೆಸಿ ದಣಿದವರು. ನಾನು ಅವರ ಮಾಳಿಗೆಯ ಬಾಡಿಗೆಯವಳು. ಮಗರಪಟ್ಟಾದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಇಡೀ ಮನೆಗೆ ಇಂಟರ್ನೆಟ್ಟು ಒಂದೇ.

"ನೀವ ಹಚ್ಚಿಕೊಡ್ರಿ, ಇಂಜಿನಿಯರ್ ಬಾಯಾರ. ಪಾಸ್‌ವರ್ಡು ಗೀಸ್‌ವರ್ಡು ಎಲ್ಲಾ ನಿಮ್ಮ ಕಡೇನ ಇರ್ಲಿ," ಎಂದರು ಮಾಲೀಕರು.

ಹಳೆಯ ಮೋಡೆಮ್ ಸತ್ತದ್ದು ಆರಿಸಿ ಹಚ್ಚುವ ಅವರ ಕೈಯಿಂದಲೇ. ಮಧ್ಯಾಹ್ನ ಒಂದಾದರೆ ಪೇಠದಲ್ಲಿ ಅಂಗಡಿಗಳು ಮುಚ್ಚುತ್ತವೆ, ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ. ಇವರು ಮಲಗುವ ಮುನ್ನ ಮೋಡೆಮಿನ ಸ್ವಿಚ್ಚನ್ನೂ ಆರಿಸುತ್ತಿದ್ದರು. ಮೇಲೆ ನಾನು ಆಫೀಸಿಗೆ ಹೋಗುವ ವಿಪಿಎನ್ ಎಂಬ ಸುರಂಗದೊಳಗಿರುತ್ತಿದ್ದೆ, ಸುರಂಗ ಕುಸಿಯುತ್ತಿತ್ತು. ಒಂದೇ ವಾರ ನಾಲ್ಕು ಸಲ, ನಾಲ್ಕೂ ಸಲ ಗಿರಾಕಿಗಳ ಜೊತೆಗಿನ ಮೀಟಿಂಗಿನ ನಡುವೆ. ಆ ದಪ್ಪ ಗೋಡೆಗಳೊಳಗೆ ಮೊಬೈಲೂ ಹಿಡಿಯದು. ಇನ್ನೊಮ್ಮೆ ಹೀಗಾದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಮ್ಯಾನೇಜರ್ ತಿಳಿಸಿದ್ದಳು.

ಆರಿಸಬೇಡಿರೆಂದು ಕೈಮುಗಿದು ಕೇಳಿದ್ದೆ. ಜೋಕಾಲಿ ನಿಂತಿರಲಿಲ್ಲ. "ಒಂದರಿಂದ ನಾಕರತನಕ ಪೇಠದಾಗ ನಾಯಿ ಸೈತ ಬೊಗಳೂದಿಲ್ಲ. ನಿಮ್ಮ ಡಬ್ಬಿ ನಾಯಿಗಿಂತ ದೊಡ್ಡದೇನ್ರಿ? ಮಿಣಮಿಣ ಅಂದ್ರ ನನಗ ನಿದ್ದಿ ಬರೂದಿಲ್ಲ."

ನನಗೆ ಮಾತು ಕಲಿಸಿದ ಅಜ್ಜಿ ಹೇಳುತ್ತಿದ್ದಳು, ಯಾವ ಸೇರಿನಲ್ಲಿ ಅಳೆದು ಕೊಟ್ಟರೋ ಅದೇ ಸೇರಿನಲ್ಲಿ ಅಳೆದು ಕೊಡಬೇಕು ಎಂದು. ರೌಟರಿನ ಫೈರ್‌ವಾಲಿನಲ್ಲಿ ಯಾವ ಯಂತ್ರಕ್ಕೆ ಯಾವ ಹೊತ್ತಿಗೆ ಬಾಗಿಲು ಮುಚ್ಚಬೇಕೆಂದು ಬರೆದಿಡಬಹುದು. ಮಾಲೀಕರ ಟ್ಯಾಬ್ಲೆಟ್ಟಿಗೆ ಸಂಜೆ ಏಳರಿಂದ ಎಂಟು ಎಂದು ಬರೆದೆ. ಆ ಹೊತ್ತಿಗೆ ಅವರು ದಿನವೂ ಅದರಲ್ಲೇ ಹುಬ್ಬಳ್ಳಿಯ ಮೂವರು ಹಳೆಯ ಗೆಳೆಯರೊಂದಿಗೆ ಇಸ್ಪೀಟು ಆಡುತ್ತಿದ್ದರು. ನಾಲ್ಕು ಕೈ ಇಲ್ಲದೆ ಆ ಆಟ ನಡೆಯದು. ಚಹಾ ಕುಡಿದು, ಸಕ್ಕರೆ ಹದವಾಗಿದೆಯೆಂದು ಹೇಳಿ ಮೇಲೆ ಬಂದೆ.

ಹೊಸ ಡಬ್ಬಿಯನ್ನೂ ಮಧ್ಯಾಹ್ನ ಆರಿಸುವರೆಂದು ಆ ವಾರ ಹಗಲೆಲ್ಲ, ರಜೆಯಲ್ಲಿದ್ದ ಗೆಳತಿಯ ಕುರ್ಚಿ ಬೇಡಿ ಆಫೀಸಿನಲ್ಲೇ ಕೂತೆ. ಏಳರೊಳಗೆ ಮಾತ್ರ ತಪ್ಪದೆ ಮನೆಗೆ ಬಂದು ಮರದ ನೆಲಕ್ಕೆ ಕಿವಿ ಹಚ್ಚುತ್ತಿದ್ದೆ.

"ನೀ ಒದ್ದಿ ಅರಿವಿಲೆ ಒರಸೀದಿ ಈ ಡಬ್ಬಿನ," ಎಂದರು ಕೆಳಗೆ ಮಾಲೀಕರು.

"ಒರಸಿದ್ರ ನನ್ನ ಫೋನ್ ಹ್ಯಾಂಗ ನಡದದ?" ಎಂದಳು ಹೆಂಡತಿ.

ರಿಪೇರಿಯವನು ಎರಡು ಸಲ ಬಂದ. ಎರಡೂ ಸಲ ಬೆಳಿಗ್ಗೆ ಬಂದ, ಎಲ್ಲ ಸರಿಯಾಗಿತ್ತು. ಆ ಸಂಜೆಗಳಷ್ಟು ರುಚಿಯಾಗಿ ನಾನೆಂದೂ ಊಟ ಮಾಡಿರಲಿಲ್ಲ.

ಐದನೆಯ ಸಂಜೆ ಮಾಲೀಕರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದರು. "ಸಂಜಿಗೆ ಮಾತ್ರ ಏನಾಗ್ತದ್ರಿ ಇದಕ್ಕ?"

"ಏಳರಿಂದ ಎಂಟು ವಿಶ್ರಾಂತಿ ಅದರಿ ಅದಕ್ಕ," ಎಂದೆ.

ಅವರಿಗೆ ಅರ್ಥವಾಯಿತು, ಮೆಟ್ಟಿಲ ಮೇಲೇ ಕೂತರು.

"ನನ್ನ ಮೀಟಿಂಗಿನಾಗ ನಾಕು ಸಲ ಆರಿಸೀರಿ. ನಾಕು ಮಧ್ಯಾಹ್ನ ಆರಿಸದ ಇರ್ರಿ. ಆಮ್ಯಾಲೆ ತಗೀತೀನಿ," ಎಂದೆ.

"ಇವತ್ತ ತಗೀರಿ. ನಾಳಿಂದ ಮುಟ್ಟೂದಿಲ್ಲ. ನನ್ನ ಮ್ಯಾಲ ವಿಶ್ವಾಸ ಇಲ್ಲೇನ್ರಿ?"

"ಇಲ್ರಿ."

ನಾಲ್ಕು ಮಧ್ಯಾಹ್ನ ಅವರು ಮಿಣುಕುವ ದೀಪದ ಮೇಲೆ ತಮ್ಮ ಕರಿ ಟೊಪ್ಪಿಗೆ ಕವುಚಿ ಮಲಗಿದರು. ಸುರಂಗ ಅಲುಗಲಿಲ್ಲ. ಆ ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆಯಿತು.

ನಾಲ್ಕನೆಯ ದಿನದ ಸಂಜೆ, ಕೊಟ್ಟ ಮಾತಿನಂತೆ ಫೈರ್‌ವಾಲಿನ ಆ ಸಾಲನ್ನು ಅಳಿಸಿದೆ. ಏಳಕ್ಕೆ ಮಾಲೀಕರು ಟ್ಯಾಬ್ಲೆಟ್ಟು ತೆರೆದರು. ಎಂಟು ಸಂಜೆ ಕಾದಿದ್ದ ಹುಬ್ಬಳ್ಳಿಯ ಮೂವರು ಅಷ್ಟರಲ್ಲಿ ಬೇರೊಬ್ಬರನ್ನು ಸೇರಿಸಿಕೊಂಡು ಎಲೆ ಹಂಚಿಯಾಗಿತ್ತು. ಮಾಲೀಕರು ಎಂಟರವರೆಗೆ ಜೋಕಾಲಿಯಲ್ಲಿ ಕೂತು ಆ ನಾಲ್ವರ ಆಟ ನೋಡಿದರು.