ಎರಡು ಪಾಲಾದ ಕಂಪ್ಯೂಟರ್

ನಮ್ಮ ಕುಮಾಸಿಯ ಅದುಮ್ ಪೇಟೆಯಲ್ಲಿ ಅಫಿಯಾ ನ್ಯಾರ್ಕೊವಾಳನ್ನು ಸಾಧು ಹೆಂಗಸು ಅಂದವರು ಯಾರೂ ಇಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಅವಳದು, ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಎದುರಿಗೇ. ಮೂವತ್ತು ದಾಟಿದವಳು, ಮದುವೆಯ ಗೋಜಿಗೆ ಹೋದವಳಲ್ಲ. ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಅವಳ ಬೈಗುಳ ಕೇಳಿಸಲಿಲ್ಲ ಅಂದರೆ ಆ ದಿನ ಅವಳಿಗೆ ಜ್ವರ ಅಂತಲೇ ನಾವು ತಿಳಿದುಕೊಳ್ಳುತ್ತಿದ್ದೆವು. ಅಂಥವಳ ಬಾಯಿ ಈಗ ಕಟ್ಟಿಹೋಗಿದೆ. ಯಾಕೆ ಅಂತ ಕೇಳಿದವರಿಗೆಲ್ಲ ಅಪ್ಪ ಸತ್ತ ದುಃಖ ಅಂತ ಹೇಳಿ ಸಾಗಹಾಕುತ್ತೇನೆ. ಅದು ಅರ್ಧ ನಿಜ. ಉಳಿದರ್ಧ ಹೇಳಬೇಕಾದರೆ ಒಂದು ಹಳೇ ಕಂಪ್ಯೂಟರಿನ ಕತೆ ಹೇಳಬೇಕು. ಇಷ್ಟಕ್ಕಾ ಅಂತ ಜನ ನಗುತ್ತಾರೆ. ನಗುವವರು ನಗಲಿ, ನನಗೆ ಹೊಟ್ಟೆ ಉರಿದದ್ದು ಉರಿದದ್ದೇ.

ಅವಳ ಅಪ್ಪ ಅಮೊಟೆಂಗ್, ಸುಆಮೆಯ ಗ್ಯಾರೇಜುಗಳಲ್ಲಿ ಆಯಸ್ಸು ಸವೆಸಿದ ಮೆಕ್ಯಾನಿಕ್. ಸುಆಮೆಯವರಿಗೆ ‘ಹೊಂದುವುದಿಲ್ಲ’ ಅನ್ನುವ ಮಾತೇ ಗೊತ್ತಿಲ್ಲ. ಲಾರಿಯ ಎಂಜಿನ್ನನ್ನು ಬಸ್ಸಿನ ಹೊಟ್ಟೆಗೆ ತುರುಕುತ್ತಾರೆ, ಹಿಡಿಸದಿದ್ದರೆ ಕತ್ತರಿಸಿ ಬೆಸುಗೆ ಹಾಕುತ್ತಾರೆ, ಆ ಬಸ್ಸು ದೂರದ ತಮಾಲೆಗೆ ಹೋಗಿ ವಾಪಸ್ಸೂ ಬರುತ್ತದೆ. ಮಂಡಿ ಸವೆದು ಮನೆಯಲ್ಲಿ ಕೂತ ಮೇಲೆ ಮುದುಕನ ಕೈ ಸುಮ್ಮನಿರಲಿಲ್ಲ. ತಾಯಿಯಿಲ್ಲದ ಮಗಳು, ಹೆಂಡತಿಯಿಲ್ಲದ ಅಪ್ಪ, ಇಬ್ಬರೂ ಸೇರಿ ಒಂದು ಕಂಪ್ಯೂಟರ್ ಕಟ್ಟಿದರು. ಹಡಗಿನಲ್ಲಿ ಬಂದು ಬೀಳುವ ಹೊರದೇಶದ ಹಳೇ ಮಾಲಿನಲ್ಲಿ ಒಂದೊಂದೇ ಭಾಗ ಹೆಕ್ಕಿ ತಂದು, ದಿನಾ ನನ್ನ ತಲೆ ತಿಂದು ಜೋಡಿಸಿದರು. ಡಬ್ಬಿಗೆ ಒಂದು ಕಡೆ ತಗಡೇ ಇರಲಿಲ್ಲ. ಮುದುಕ ಗುಜರಿ ಕಾರೊಂದರ ಬಾನೆಟ್ ಕತ್ತರಿಸಿ ಅಲ್ಲಿಗೆ ಮೊಳೆ ಹೊಡೆದ.

ಅದರಲ್ಲಿ ಅವರು ಆಡುತ್ತಿದ್ದುದು ಫುಟ್‌ಬಾಲ್ ಒಂದೇ. ಸಂಜೆ ಫುಫು ಮುದ್ದೆ ಉಂಡು, ಕರೆಂಟಿದ್ದರೆ ಶುರು. ನಾನೂ ಎಷ್ಟೋ ಸಲ ಹೋಗಿ ಕೂತಿದ್ದೇನೆ.

“ಏ ಮುದುಕಾ, ನಿನ್ನ ಗೋಲ್‌ಕೀಪರ್ ಏನು ಉಂಡು ಮಲಗಿದ್ದಾನಾ?” ಅಂತ ಮಗಳು.

“ನಿನ್ನ ಬಾಯಿಗಿಂತ ನನ್ನ ಗೋಲ್‌ಕೀಪರೇ ವಾಸಿ ಕಣೇ. ಅವನು ಒಂದೊಂದ್ಸಲನಾದ್ರೂ ಗೋಲು ಮುಚ್ತಾನೆ.”

ಪ್ರೀತಿ ಅನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಬೈಗುಳದಲ್ಲೇ ಎಲ್ಲ ನಡೆಯುತ್ತಿತ್ತು.

ಆಟ ಹಳೆಯದಾಯಿತು. ಅದರಲ್ಲಿ ಓಡುತ್ತಿದ್ದ ಆಟಗಾರರೆಲ್ಲ ನಿಜವಾದ ಮೈದಾನದಲ್ಲಿ ನಿವೃತ್ತರಾಗಿ, ಹೊಟ್ಟೆ ಬೆಳೆಸಿಕೊಂಡು, ಟೀವಿಯಲ್ಲಿ ಕೂತು ಮಾತಾಡತೊಡಗಿದರು. “ನನ್ನ ಟೀಮಿನವರೆಲ್ಲ ತಾತಂದಿರಾದ್ರು ಮಾಸ್ಟರ್, ನಮ್ಮ ಈಗಿನ ಹುಡುಗ್ರನ್ನ ನಾನು ಯಾವಾಗ ಆಡಿಸೋದು?” ಅಂತ ಮುದುಕ ನನ್ನ ಹತ್ತಿರ ಗೋಳಾಡುತ್ತಿದ್ದ. ಹೊಸ ಆಟ ಹಾಕಿ ನೋಡಿದರೆ ಕಂಪ್ಯೂಟರ್ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಫಿಯಾ ಹೊಲಿದು ಹೊಲಿದು ಒಂದು ಗ್ರಾಫಿಕ್ಸ್ ಕಾರ್ಡ್ ತಂದಳು. ಮೆಮೊರಿ ಸಾಲದು ಅಂತಾಯಿತು. ಮೆಮೊರಿ ತಂದಳು. ಪ್ರೊಸೆಸರಿಗೆ ಶಕ್ತಿ ಸಾಲದು ಅಂತಾಯಿತು. ಒಂದು ಬಾಯಿ ಮುಚ್ಚಿಸಿದರೆ ಇನ್ನೊಂದು ತೆರೆಯುತ್ತಿತ್ತು, ಅಷ್ಟರೊಳಗೆ ಅದಕ್ಕಿಂತ ಹೊಸ ಆಟ ಬಂದು ಕೂತಿರುತ್ತಿತ್ತು. “ಬಿಟ್ಟುಬಿಡ್ರೇ ಮಾರಾಯ್ರೇ, ಇದು ಮುಗಿಯೋ ಕೆಲಸ ಅಲ್ಲ,” ಅಂತ ನಾನೇ ರೇಗಿದ್ದುಂಟು. ವ್ಯಾಪಾರಿಯಾಗಿ ಆಡುವ ಮಾತಲ್ಲ, ಆದರೂ ಅಂದೆ.

ಒಂದು ದಿನ ಮುದುಕ ಕುಂಟಿಕೊಂಡು ನನ್ನ ಅಂಗಡಿಗೆ ಬಂದ. ಮುಖವೆಲ್ಲ ನಗು. ಕರವಸ್ತ್ರ ಬಿಚ್ಚಿದ. ಒಳಗೆ ಒಂದು ಪ್ರೊಸೆಸರ್, ಒಳ್ಳೇ ಬಲವಾದದ್ದು.

“ಎಲ್ಲಿ ಸಿಕ್ತು?” ಅಂದೆ.

“ಹಳೇ ಮಾಲು ಮಾರ್ತಾನಲ್ಲ, ಅವನ ವ್ಯಾನ್ ಕೆಟ್ಟು ನಿಂತಿತ್ತು. ಎಂಜಿನ್ ಇಳಿಸಿ ಸರಿ ಮಾಡಿಕೊಟ್ಟೆ. ಕೂಲಿಗೆ ಬದಲು ಇದನ್ನ ಕೊಡು, ಇರೋದ್ರಲ್ಲೇ ದೊಡ್ಡದು ಕೊಡು ಅಂದೆ. ಅಫಿಯಾಗೆ ಹೇಳ್ಬೇಡ, ನಾನೇ ಕೊಡ್ತೀನಿ.”

ಆ ಮಂಡಿ ಇಟ್ಟುಕೊಂಡು ವ್ಯಾನಿನ ಕೆಳಗೆ ಮಲಗಿ ಎದ್ದಿದ್ದಾನೆ, ಪುಣ್ಯಾತ್ಮ. ನಾನು ಅದನ್ನು ತಿರುಗಿಸಿ ನೋಡಿದೆ. ಅವರ ಮದರ್‌ಬೋರ್ಡಿಗೆ ಕಾಲುಗಳಿಲ್ಲದ ಪ್ರೊಸೆಸರ್ ಬೇಕು. ಇದರ ಹೊಟ್ಟೆಯ ತುಂಬ ಸೂಜಿಯಂಥ ಕಾಲುಗಳು. ಕಂಪನಿಯೇ ಬೇರೆ. ಹೇಗೆ ಹೇಳಲಿ ಅಂತ ಒದ್ದಾಡುವಷ್ಟರಲ್ಲಿ ಅಫಿಯಾ ರಸ್ತೆ ದಾಟಿ ಬಂದೇಬಿಟ್ಟಳು. ಆ ದಿನ ಅವಳು ಹೊಲಿದ ಯಾವುದೋ ಶಾಲೆಯ ಬಟ್ಟೆ ಅಳತೆ ತಪ್ಪಿ ವಾಪಸ್ ಬಂದಿತ್ತು, ತಲೆ ಮೊದಲೇ ಕೆಟ್ಟಿತ್ತು.

“ತಗೋ, ನಿನಗೇ,” ಅಂತ ಮುದುಕ ಕರವಸ್ತ್ರ ಚಾಚಿದ.

ಅವಳು ಒಂದೇ ನೋಟದಲ್ಲಿ ಕಂಡುಕೊಂಡಳು. “ಇದೇನು? ಇದು ನಮ್ಮದಕ್ಕೆ ಕೂರುತ್ತಾ? ಒಂದು ಮಾತು ಕೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?”

“ಹೇಗಾದ್ರೂ ಕೂರಿಸಿದರಾಯ್ತಲ್ಲಮ್ಮ.”

“ಹೇಗೆ ಕೂರಿಸ್ತೀಯ, ಬೆಸುಗೆ ಹಾಕ್ತೀಯಾ? ಇದೇನು ನಿನ್ನ ಗುಜರಿ ಬಸ್ಸಾ? ಕೈಗೆ ಸಿಕ್ಕಿದ್ದನ್ನೆಲ್ಲ ಹಾಳು ಮಾಡೋದೇ ಆಯ್ತು ನಿಂದು. ಇನ್ಮೇಲೆ ಈ ಕಂಪ್ಯೂಟರ್ ಮುಟ್ಟಬೇಡ ನೀನು!”

ಬೇರೆ ದಿನವಾಗಿದ್ದರೆ ಮುದುಕ ಒಂದಕ್ಕೆರಡು ತಿರುಗಿಸಿ ಕೊಡುತ್ತಿದ್ದ. ನಾನೂ ನಗುವುದಕ್ಕೆ ತಯಾರಾಗಿದ್ದೆ. ಅವನು “ಆಯ್ತಮ್ಮ” ಅಂದ. ಪ್ರೊಸೆಸರನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದ.

ಅವನು ಮರೆಯಾದ ಮೇಲೆ ವ್ಯಾನಿನ ವಿಷಯ ಅವಳಿಗೆ ಹೇಳಿದೆ. ಮೇಜಿನ ಮೇಲಿದ್ದ ಪ್ರೊಸೆಸರನ್ನು ನನ್ನ ಕಡೆ ಸರಿಸಿದಳು. “ಈ ಪ್ರೊಸೆಸರ್ ಕೂರೋ ಬೋರ್ಡು ಹುಡುಕು ಅಣ್ಣ, ನಾನು ತಗೋತೀನಿ,” ಅಂದಳು.

“ಮೊದಲು ಮನೆಗೆ ಹೋಗಿ ಅಪ್ಪನ ಹತ್ತಿರ ಒಂದು ಒಳ್ಳೇ ಮಾತಾಡು.”

“ಬರೀ ಮಾತು ಯಾಕೆ? ಆಟ ಓಡಲಿ. ಆಟದ ಪ್ಯಾಡ್ ಅವನ ಕೈಗೆ ಕೊಟ್ಟು ಆಮೇಲೇ ಹೇಳ್ತೀನಿ.”

ಬೋರ್ಡು ಸಿಗುವುದು ತಡವಾಯಿತು. ಈ ಮಧ್ಯೆ ಹೋದ ಕರೆಂಟು ಧಿಗ್ಗನೆ ಬಂದು ಅವರ ಹಳೇ ಬೋರ್ಡು ಸುಟ್ಟುಹೋಯಿತು, ಹಳೇ ಆಟವೂ ನಿಂತಿತು. ಆಡದ ಮೇಲೆ ಆ ಮನೆಯಲ್ಲಿ ಮಾತಿಗೂ ಬರ ಬಂತು ಅಂತ ಕಾಣುತ್ತದೆ. ಕೊನೆಗೂ ಬೋರ್ಡು ಸಿಕ್ಕಿತು. ಮುದುಕನ ಪ್ರೊಸೆಸರನ್ನು ಮಗಳ ಬೋರ್ಡಿನ ಮೇಲೆ ನಾನೇ ಕೂರಿಸಿದೆ. ಹೊಸ ಆಟ ಹಾಕಿದೆ. ನೀರು ಹರಿದ ಹಾಗೆ ಓಡಿತು. ಭಾನುವಾರ ಚರ್ಚಿನಿಂದ ಬಂದು ಒಯ್ಯುತ್ತೇನೆ ಅಂದಿದ್ದಳು ಅಫಿಯಾ. ಶನಿವಾರ ಮುದುಕ ಸ್ನಾನಕ್ಕೆ ಹೋದವನು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ನಮ್ಮದು ಅಳಿಯಸಂತಾನ. ರಕ್ತ ತಾಯಿಯದು. ಅಪ್ಪ ಸತ್ತರೆ ಹೆಣವೂ ಅವನ ತಾಯಿಯ ಮನೆತನದ್ದು, ಆಸ್ತಿಯೂ ಅವರದ್ದು. ಮಕ್ಕಳು ಆ ಮನೆತನಕ್ಕೆ ಸೇರಿದವರಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಮುದುಕನ ವಸ್ತುಗಳನ್ನು ಅವನ ಸೋದರಳಿಯ ಡೊಮ್ಫೆಗೆ ವಹಿಸಿಕೊಡಲು ಹಿರಿಯರು ಕೂತರು. ಮನೆಯೂ ಮನೆತನದ್ದೇ. ಅಫಿಯಾ ಅದಾಗಲೇ ಗಂಟುಮೂಟೆ ಕಟ್ಟಿಕೊಂಡು ಬಾಡಿಗೆ ಕೋಣೆಗೆ ಬಂದಿದ್ದಳು. ಅವಳು ಕೇಳಿದ್ದು ಒಂದೇ, ಆ ಕಂಪ್ಯೂಟರ್.

“ಸರ್ಕಾರದ ಕಾನೂನು ನಿನ್ನ ಕಡೆಗಿದೆ ಕಣೆ, ಮನೆಸಾಮಾನು ಮಕ್ಕಳಿಗೇ ಸೇರೋದು. ವಕೀಲರ ಹತ್ತಿರ ಹೋಗೋಣ,” ಅಂದೆ ನಾನು.

“ಅಪ್ಪನ ಜನರ ಮೇಲೆ ಕೇಸು ಹಾಕಿ ಗೆದ್ದು, ಆಮೇಲೆ ಕೂತು ಫುಟ್‌ಬಾಲ್ ಆಡಲಾ?” ಅಂದಳು.

ಯಾವ ಭಾಗ ಯಾರು ತಂದದ್ದು ಅಂತ ಹೇಳುವುದಕ್ಕೆ ನನ್ನನ್ನೂ ಕಂಪ್ಯೂಟರ್ ಸಮೇತ ಕರೆಸಿದ್ದರು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕಪ್ಪು ಬಟ್ಟೆ ಉಟ್ಟ ಹಿರಿಯರು. ಮನೆತನದ ಯಜಮಾನ ಅದ್ದಾಯಿ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ನಿದ್ದೆ ಮಾಡಬಹುದಿತ್ತು.

“ನಾವು ಕಳ್ಳರಲ್ಲ. ಹುಡುಗಿ ತಂದದ್ದು ಹುಡುಗಿಗೆ,” ಅಂದ ಅವನು. “ಯಾವ್ಯಾವುದು ಹೇಳು ಮಾಸ್ಟರ್.”

ಬೋರ್ಡು, ಕಾರ್ಡು, ಮೆಮೊರಿ ಅವಳದು ಅಂದೆ. ಡಬ್ಬಿ, ಪರದೆ, ಪವರ್ ಸಪ್ಲೈ, ಹಾರ್ಡ್ ಡಿಸ್ಕ್ ಮುದುಕನವು. ಪ್ರೊಸೆಸರೂ ಮುದುಕ ತಂದದ್ದೇ, ಆದರೆ ಮಗಳಿಗೆ ಅಂತಲೇ ತಂದದ್ದು, ಕೊಟ್ಟೂ ಆಗಿತ್ತು, ಉಳಿದದ್ದನ್ನೆಲ್ಲ ಅವಳಿಗೇ ಅಂತ ಇಟ್ಟಿದ್ದ ಅಂದೆ.

“ಕೊಟ್ಟಿದ್ದರೆ ಮುಗೀತು, ಪೂರ್ತಿ ಅವಳದೇ. ಅಸೆಡಾ ಆಗಿದೆಯಾ?” ಅಂದ ಅದ್ದಾಯಿ.

ನಾನು ಇದನ್ನು ಮರೆತೇಬಿಟ್ಟಿದ್ದೆ. ಕೈಯಿಂದ ಕೈಗೆ ದಾಟಿದ ಮಾತ್ರಕ್ಕೆ ನಮ್ಮಲ್ಲಿ ಅದು ದಾನವಾಗುವುದಿಲ್ಲ. ತೆಗೆದುಕೊಂಡವರು ಸಾಕ್ಷಿಯ ಎದುರು ಬಾಯಿಬಿಟ್ಟು ಉಪಕಾರ ನೆನೆಯಬೇಕು, ಒಂದು ಬಾಟಲಿ ಶ್ನಾಪ್ಸ್ ಸಾರಾಯಿ ಮುಂದಿಡಬೇಕು. ಅದೇ ಅಸೆಡಾ. ಜಮೀನು, ಮನೆಗೆಲ್ಲ ಮಾಡುತ್ತಾರೆ. ಬೆರಳಗಲದ ಪ್ರೊಸೆಸರಿಗೆ ಯಾರು ಬಾಟಲಿ ತರುತ್ತಾರೆ?

ಅದ್ದಾಯಿಯೇ ದಾರಿ ಸಲೀಸು ಮಾಡಿಕೊಟ್ಟ. “ಬಾಟಲಿ ಗೀಟಲಿ ಬೇಡಪ್ಪ. ಅಪ್ಪ ಮಗಳ ನಡುವೆ ಅದೆಲ್ಲ ಯಾಕೆ? ಒಂದು ಮಾತು ಹೇಳಿದ್ದು ನೀನು ಕೇಳಿಸ್ಕೊಂಡಿದ್ರೆ ಸಾಕು.” ಕೊಡಬೇಕು ಅಂತಲೇ ಅವನ ಮನಸ್ಸಿನಲ್ಲಿತ್ತು, ಆಣೆ ಮಾಡಿ ಹೇಳುತ್ತೇನೆ.

“ಹೇಳಿದಳು. ನನ್ನ ಅಂಗಡಿಯಲ್ಲೇ ಹೇಳಿದಳು. ಅಪ್ಪನಿಗೆ ತಣ್ಣಗಿನ ಮಾಲ್ಟ್ ತರಿಸಿ ಕುಡಿಸಿದಳು, ನನಗೂ ಒಂದು,” ಅಂತ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಈಗಲೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಎಲ್ಲರೂ ತಲೆದೂಗಿದರು. ಅದ್ದಾಯಿ ಸುಮ್ಮನೆ ಶಾಸ್ತ್ರಕ್ಕೆ ಅವಳ ಕಡೆ ತಿರುಗಿದ. “ಹೌದಾ ಮಗಳೇ? ಅಪ್ಪನಿಗೆ ಹೇಳಿದೆ ತಾನೇ?”

ಹೂಂ ಅನ್ನು ಅಂತ ನಾನು ಕಣ್ಣಲ್ಲೇ ಕಾಡಿದೆ. ಅವಳು ಎದ್ದು ನಿಂತಳು.

“ಇಲ್ಲ ಅಜ್ಜ. ಅಣ್ಣ ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ. ನಾನು ಬೈದೆ.” ಆಮೇಲೆ ಆ ದಿನ ಅಂದದ್ದನ್ನೆಲ್ಲ ಅಕ್ಷರ ಬಿಡದೆ ಹೇಳಿದಳು. ಬಾಯಿ ಬಿದ್ದುಹೋಗಿತ್ತಾ ಅಂದದ್ದು, ಗುಜರಿ ಬಸ್ಸು ಅಂದದ್ದು, ಮುಟ್ಟಬೇಡ ಅಂದದ್ದು. “ಅವನು ಆಯ್ತಮ್ಮ ಅಂದ. ಹೇಳೋದಕ್ಕೆ ಬೇಕಾದಷ್ಟು ದಿನ ಇತ್ತು ಅಜ್ಜ. ನಾನು ಹೇಳಲಿಲ್ಲ.”

ಬ್ಯಾಂಕೊಂದರ ಕಾವಲು ಕೆಲಸದ ಡೊಮ್ಫೆ, ಪಾಪದ ಹುಡುಗ, “ಅಕ್ಕಾ, ನೀವೇ ಇಟ್ಕೊಳ್ಳಿ, ನಾನೇ ಕೊಟ್ಟೆ ಅಂದ್ಕೊಳ್ಳಿ,” ಅಂದ. ಅವಳು ಬೇಡವೆಂದು ತಲೆಯಾಡಿಸಿದಳು. ಅದ್ದಾಯಿ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದ. ಕಟ್ಟಿದವನೇ ಬಿಚ್ಚಬೇಕಾಯಿತು. ಮೇಜಿನ ಮೇಲಿಟ್ಟು, ಬೋರ್ಡಿನ ಸನ್ನೆಕಡ್ಡಿ ಎತ್ತಿ, ಅಪ್ಪನ ಪ್ರೊಸೆಸರನ್ನು ಮಗಳ ಬೋರ್ಡಿನಿಂದ ಕಿತ್ತೆ. ಡೊಮ್ಫೆಗೆ ಬೋರ್ಡಿಲ್ಲದ ಡಬ್ಬಿ. ಅವಳಿಗೆ ಒಂದು ಚೀಲದಷ್ಟು ಹಸಿರು ಹಲಗೆಗಳು. ಎರಡೂ ಕಡೆ ದೀಪ ಕೂಡ ಹತ್ತುವುದಿಲ್ಲ. ಇದಕ್ಕೆ ನ್ಯಾಯ ಅಂತ ಹೆಸರು.

ಕೆಲವು ವಾರ ಕಳೆದು ಡೊಮ್ಫೆ ನನ್ನ ಅಂಗಡಿಗೆ ಬಂದು ತಲೆ ಕೆರೆದುಕೊಂಡ. ಮನೆಯಲ್ಲಿ ಡಬ್ಬಿ ಸುಮ್ಮನೆ ಬಿದ್ದಿದೆ, ಅಕ್ಕ ಅವರ ಪಾಲಿನ ಭಾಗಗಳನ್ನು ಮಾರುತ್ತಾರಾ ಅಂತ ಕೇಳಿ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ರಸ್ತೆ ದಾಟಿ ಕೇಳಿದೆ. ಅಫಿಯಾ ಯಂತ್ರ ತುಳಿಯುತ್ತಿದ್ದ ಕಾಲು ನಿಲ್ಲಿಸದೆ, ಮೂಲೆಯಲ್ಲಿದ್ದ ಚೀಲ ತೋರಿಸಿದಳು.

“ಮಾರೋದೇನು ಬಂತು, ಕೊಟ್ಬಿಡು. ಅಲ್ಲಾದ್ರೂ ಎಲ್ಲ ಒಟ್ಟಿಗಿರಲಿ.”

ಹುಡುಗ ಸಂಸ್ಕಾರವಂತ. ಚೀಲ ಎತ್ತಿಕೊಂಡು ಓಡಲಿಲ್ಲ. ಮರುದಿನ ಮಡಿ ಬಟ್ಟೆ ಉಟ್ಟು, ಶ್ನಾಪ್ಸ್ ಬಾಟಲಿ ಹಿಡಿದು ಬಂದ. ಸಾಕ್ಷಿಗೆ ನೀವೇ ಅಂತ ನನ್ನನ್ನು ಎಳೆದುಕೊಂಡು ಅವಳ ಅಂಗಡಿಗೆ ಹೋದ. ಬಾಟಲಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಹೆಗಲ ಬಟ್ಟೆ ಇಳಿಸಿ, ಬಾಗಿ ನಿಂತ.

“ಅಕ್ಕಾ, ನೀವು ಕೊಟ್ಟಿದ್ದು ನನಗೆ ಮುಟ್ಟಿತು. ನಿಮ್ಮಿಂದ ಉಪಕಾರ ಆಯ್ತು.”

ಹೊಲಿಗೆ ಯಂತ್ರ ನಿಂತಿತು. ಅವಳು ಇನ್ನೂ ಏನೋ ಬರುತ್ತದೆ ಎಂಬಂತೆ ಅವನ ಬಾಯನ್ನೇ ನೋಡುತ್ತ ಕೂತಳು. ಅವನದು ಮುಗಿದಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

“ಇಷ್ಟೇನಾ ಅಣ್ಣ ಹೇಳ್ಬೇಕಾಗಿದ್ದು?”

“ಇಷ್ಟೇ,” ಅಂದೆ.

“ಇಷ್ಟೇನಾ?” ಅಂತ ಮತ್ತೊಮ್ಮೆ ಕೇಳಿದಳು.

ಹೌದು ಅಂದೆ.